ಹೊಗೆ ಡ್ರಮ್ಮಿನ ಬಾಗಿಲು: ಮುಚ್ಚಬೇಕಾದ ಸೋರಿಕೆ ಯಾವುದು?

ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಸ್ಮೋಕರನ್ನು ಮನೆಯಲ್ಲೇ ಕಟ್ಟಿಕೊಂಡವರು ಮೊದಲ ಸಲ ಬೆಂಕಿ ಹಾಕಿದಾಗ ನೋಡುವುದು ಬಾಗಿಲಿನ ಮೇಲಂಚನ್ನು. ಅಲ್ಲಿಂದ ಹೊಗೆಯ ಒಂದು ಎಳೆ ಹೊರಬಿದ್ದರೂ ಸಾಕು, ಸಿಲಿಕೋನ್ ಟ್ಯೂಬು ತರಲು ಅಂಗಡಿಗೆ ಹೊರಟುಬಿಡುತ್ತಾರೆ. ಆ ಹೊಗೆಯಿಂದ ಹೆಚ್ಚಿನ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಅಡುಗೆಯನ್ನು ನಿಜವಾಗಿ ಕೆಡಿಸುವ ಸೋರಿಕೆ ಬುಡದಲ್ಲಿರುತ್ತದೆ. ಅಲ್ಲಿ ಗಾಳಿ ಒಳಕ್ಕೆ ಎಳೆಯಲ್ಪಡುವುದರಿಂದ ಕಣ್ಣಿಗೆ ಏನೂ ಕಾಣಿಸುವುದಿಲ್ಲ.

ನಾನಿರುವುದು ಟೆಕ್ಸಸ್‌ನ ಆಸ್ಟಿನ್ ಸಮೀಪದಲ್ಲಿ. ಇಲ್ಲಿಂದ ದಕ್ಷಿಣಕ್ಕಿರುವ ಲಾಕ್‌ಹಾರ್ಟ್ ಎಂಬ ಸಣ್ಣ ಊರನ್ನು ರಾಜ್ಯದ ಶಾಸನಸಭೆಯೇ ಗೊತ್ತುವಳಿ ಹೊರಡಿಸಿ ಟೆಕ್ಸಸ್‌ನ ಬಾರ್ಬೆಕ್ಯೂ ರಾಜಧಾನಿ ಎಂದು ಕರೆದಿದೆ. ಜರ್ಮನಿ ಮತ್ತು ಚೆಕ್ ಪ್ರದೇಶಗಳಿಂದ ವಲಸೆ ಬಂದ ಮಾಂಸದ ಅಂಗಡಿಯವರಿಂದ ಈ ಭಾಗದಲ್ಲಿ ಬೆಳೆದ ಪದ್ಧತಿಯಲ್ಲಿ ಪೋಸ್ಟ್ ಓಕ್ ಎಂಬ ಮರದ ಸೌದೆಯೇ ಮುಖ್ಯ. ಉರಿಗೂಡು ಒಂದು ಕೊನೆಯಲ್ಲಿ, ಚಿಮಣಿ ಇನ್ನೊಂದು ಕೊನೆಯಲ್ಲಿ, ಮಾಂಸ ನಡುವೆ. ಅಲ್ಲಿ ಶಾಖವನ್ನು ನಿಯಂತ್ರಿಸುವುದು ಎಷ್ಟು ಸೌದೆ ಹಾಕುತ್ತೇವೆ ಎಂಬುದರಿಂದ. ಸೌದೆ ಹೊಗೆಯಾಡದೆ ಚೆನ್ನಾಗಿ ಉರಿಯಲಿ ಎಂದು ಉರಿಗೂಡಿನ ಬಾಗಿಲನ್ನು ಬೇಕೆಂದೇ ಸ್ವಲ್ಪ ತೆರೆದಿಡುವವರೂ ಇದ್ದಾರೆ, ಹಾಗಾಗಿ ಅವರಿಗೆ ಬಾಗಿಲಿನ ಸಂದಿನ ಚಿಂತೆ ಇಲ್ಲ. ಇದ್ದಿಲು ತುಂಬಿದ ಡ್ರಮ್ಮಿನ ಲೆಕ್ಕವೇ ಬೇರೆ. ಇಲ್ಲಿ ಬುಟ್ಟಿ ತುಂಬಾ ಇದ್ದಿಲು ಮೊದಲೇ ಸಿದ್ಧವಾಗಿ ಕುಳಿತಿರುತ್ತದೆ, ಅದರಲ್ಲಿ ಎಷ್ಟು ಉರಿಯಬೇಕು ಎಂಬುದನ್ನು ಗಾಳಿಯೊಂದೇ ತೀರ್ಮಾನಿಸುತ್ತದೆ. ಬಾಗಿಲಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಬಗೆಯ ಸಲಹೆ ಕೊಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹೇಳುವವರ ಒಲೆ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು.

ನಾನು ಆರಿಸಿಕೊಂಡದ್ದು 55 ಗ್ಯಾಲನ್‌ನ, ಅಂದರೆ ಸುಮಾರು 208 ಲೀಟರ್ ಹಿಡಿಯುವ ಉಕ್ಕಿನ ಡ್ರಮ್. ಒಳಗೆ ಲೇಪವಿಲ್ಲದ ಹೊಸ ಡ್ರಮ್ ಸಿಕ್ಕರೆ ಅದೇ ಒಳ್ಳೆಯದು. ಎಪಾಕ್ಸಿ ಲೇಪವಿದ್ದರೆ ಒಳಗೆ ಸೌದೆಯ ದೊಡ್ಡ ಬೆಂಕಿ ಮಾಡಿ ಅದನ್ನು ಪೂರ್ತಿ ಸುಟ್ಟು, ತಂತಿ ಬ್ರಷ್ಷಿನಿಂದ ಕೆರೆದು ತೆಗೆಯಬೇಕಾಗುತ್ತದೆ. ಏನು ತುಂಬಿದ್ದರೋ ಗೊತ್ತಿಲ್ಲದ ಹಳೆಯ ಡ್ರಮ್ಮನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ತರಬಾರದು. ಸತುವಿನ ಲೇಪವಿರುವ ತಗಡು, ಕೊಳವೆ, ಬೋಲ್ಟುಗಳನ್ನು ಬೆಂಕಿಯ ಹತ್ತಿರ ಬಳಸಬಾರದು, ಅವುಗಳ ಮೇಲೆ ವೆಲ್ಡಿಂಗನ್ನಂತೂ ಮಾಡಲೇಬಾರದು.

ಡ್ರಮ್ಮಿನ ಪಕ್ಕದಲ್ಲಿ ಎರಡು ಬಾಗಿಲುಗಳಿವೆ: ಮಾಂಸದ ಜಾಲರಿಗಳಿಗೆ ಮೇಲೆ ದೊಡ್ಡದು, ಇದ್ದಿಲಿನ ಬುಟ್ಟಿಗೆ ಕೆಳಗೆ ಚಿಕ್ಕದು. ಬುಡದಲ್ಲಿ ಗಾಳಿಗಾಗಿ ಮುಕ್ಕಾಲು ಇಂಚಿನ ಮೂರು ಕೊಳವೆಗಳು, ಅವಕ್ಕೆ ವಾಲ್ವ್‌ಗಳು. ಮುಚ್ಚಳದ ಮೇಲೆ ಎರಡು ಇಂಚಿನ ಚಿಮಣಿ. ಮೂರೂ ಕೊಳವೆಗಳ ಬಾಯಿಗಳನ್ನು ಕೂಡಿಸಿದರೆ ಬರುವ ವಿಸ್ತೀರ್ಣಕ್ಕಿಂತ ಚಿಮಣಿಯದು ಸುಮಾರು ಎರಡು ಪಟ್ಟು ಇದೆ. ಹೊಗೆ ಹೊರಹೋಗುವ ದಾರಿ ಯಾವಾಗಲೂ ಅಗಲವಾಗಿಯೇ ಇರಬೇಕು. ಶಾಖ ತಗ್ಗಿಸಲೆಂದು ಅಡುಗೆಯ ನಡುವೆ ಚಿಮಣಿಯನ್ನು ಮುಚ್ಚಿದರೆ ಹೊಗೆ ಒಳಗೇ ನಿಂತು, ಮಾಂಸದ ಮೇಲೆ ಕಹಿಯಾದ ಕಪ್ಪು ಜಿಡ್ಡು ಕೂರುತ್ತದೆ.

ಡ್ರಮ್ಮಿನ ತಗಡು ಒಂದು ಮಿಲಿಮೀಟರಿಗಿಂತ ತುಸು ದಪ್ಪ ಇರುತ್ತದೆ, ಅಷ್ಟೆ. ಅದನ್ನು ಬಾಗಿಸಿ ದುಂಡಗೆ ಮಾಡಿದಾಗ ಒಳಗೆ ಸೇರಿಕೊಂಡ ಬಿಗಿತ, ಬಾಗಿಲಿಗಾಗಿ ಕತ್ತರಿಸಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ತುಂಡು ಒಂದು ರೀತಿ ಬಾಗುತ್ತದೆ, ಉಳಿದ ಡ್ರಮ್ ಇನ್ನೊಂದು ರೀತಿ ಹಿಗ್ಗುತ್ತದೆ, ಆಮೇಲೆ ಅವೆರಡೂ ಕೂಡುವುದೇ ಇಲ್ಲ. ಇದಕ್ಕೆ ವೆಲ್ಡರುಗಳು ಅನುಸರಿಸುವ ಕ್ರಮವೊಂದಿದೆ. ಬಾಗಿಲಿನ ಜಾಗದ ಮೇಲೆ ಮತ್ತು ಕೆಳಗೆ ಡ್ರಮ್ಮಿನ ಬಾಗಿಗೆ ತಕ್ಕಂತೆ ಬಗ್ಗಿಸಿದ ಕಬ್ಬಿಣದ ಪಟ್ಟಿಗಳನ್ನು ಮೊದಲೇ ಬಿಗಿದು, ಹಿಂಜ್ ಬರುವ ಪಕ್ಕವನ್ನು ಮಾತ್ರ ಕತ್ತರಿಸಿ, ಹಿಂಜ್‌ಗಳನ್ನು ಕೂರಿಸಿ, ಆನಂತರವೇ ಉಳಿದ ಮೂರು ಪಕ್ಕಗಳನ್ನು ಗ್ರೈಂಡರಿನ ತೆಳು ಚಕ್ರದಿಂದ ಕತ್ತರಿಸಬೇಕು. ಬಾಗಿಲಿನ ಅಂಚಿನ ಸುತ್ತ 25 ಮಿಲಿಮೀಟರ್ ಅಗಲದ ಪಟ್ಟಿಯನ್ನು, ಅದರ ಅರ್ಧ ಭಾಗ ಹೊರಚಾಚಿ ಡ್ರಮ್ಮಿನ ಮೇಲೆ ಕೂರುವಂತೆ, ರಿವೆಟ್ ಹೊಡೆದು ಸೇರಿಸಬೇಕು. ಇಷ್ಟು ತೆಳು ತಗಡಿಗೆ ಉದ್ದಕ್ಕೂ ವೆಲ್ಡಿಂಗ್ ಎಳೆದರೆ ಅದು ಬಿಸಿಗೆ ಸೊಟ್ಟಗಾಗುವುದು ಖಂಡಿತ. ಲೋಹವೇ ಲೋಹದ ಮೇಲೆ ಸರಿಯಾಗಿ ಕೂರದಿದ್ದರೆ ಯಾವ ಗ್ಯಾಸ್ಕೆಟ್ಟೂ ಅದನ್ನು ಸರಿಪಡಿಸಲಾರದು.

ಈಗ ಸೋರಿಕೆಯ ವಿಷಯ. 30 ಡಿಗ್ರಿಯಲ್ಲಿರುವ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗಿದರೆ, 115 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 0.91 ಕಿಲೋಗೆ ಇಳಿಯುತ್ತದೆ. ಡ್ರಮ್ಮಿನೊಳಗಿನ ಬಿಸಿಗಾಳಿ ಹಗುರವಾಗಿ ಮೇಲೇಳುವುದರಿಂದ ಮೇಲಿನ ಸಂದುಗಳಲ್ಲಿ ಹೊರಕ್ಕೆ ತಳ್ಳುತ್ತದೆ, ಬುಡದ ಸಂದುಗಳಲ್ಲಿ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟಿನ ಹಾಗೆ ಒಳಗಿನ ಒತ್ತಡವನ್ನು ಹಿಡಿದಿಡುವ ಕೆಲಸ ಇಲ್ಲಿಲ್ಲ. ಮೇಲಿನ ಬಾಗಿಲಿನಿಂದ ಹೊಗೆ ಸೋರಿದರೆ ಚಿಮಣಿಯಿಂದ ಹೋಗಬೇಕಾದದ್ದರಲ್ಲಿ ಸ್ವಲ್ಪ ಬೇರೆ ದಾರಿ ಹಿಡಿಯಿತು ಎಂದಷ್ಟೇ ಅರ್ಥ. ಕೆಳಗಿನ ಬಾಗಿಲಿನ 35 ಸೆಂಟಿಮೀಟರ್ ಉದ್ದದ ಅಂಚಿನಲ್ಲಿ ಒಂದು ಮಿಲಿಮೀಟರ್ ಸಂದು ಉಳಿದರೆ ಅದು 350 ಚದರ ಮಿಲಿಮೀಟರ್ ಆಗುತ್ತದೆ; ಮುಕ್ಕಾಲು ಇಂಚಿನ ಕೊಳವೆಯೊಂದರ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಎಂದಿಗೂ ಮುಚ್ಚಲಾಗದ ನಾಲ್ಕನೆಯ ಕೊಳವೆಯೊಂದನ್ನು ಇಟ್ಟುಕೊಂಡಂತಾಯಿತು. ಒಂದೇ ವಾಲ್ವನ್ನು ಸ್ವಲ್ಪ ತೆರೆದಿಟ್ಟು 110ರಿಂದ 120 ಡಿಗ್ರಿಯಲ್ಲಿ ನಿಲ್ಲಿಸಬೇಕಾದ ಬೆಂಕಿ, ಇಂಥ ಸಂದಿದ್ದರೆ ಎಲ್ಲ ವಾಲ್ವ್‌ಗಳನ್ನು ಮುಚ್ಚಿದರೂ ಏರುತ್ತಲೇ ಹೋಗುತ್ತದೆ.

ಪಿರಿಯಾಪಟ್ಟಣ, ಹುಣಸೂರು ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸುವ ಬ್ಯಾರನ್ನುಗಳಲ್ಲಿ ಹೊಗೆ ಎಲೆಗೆ ತಾಗುವುದಿಲ್ಲವಾದರೂ, ಕೆಳಗಿನ ಮತ್ತು ಮೇಲಿನ ಗಾಳಿಕಿಂಡಿಗಳನ್ನು ಯಾವಾಗ ಎಷ್ಟು ತೆರೆಯಬೇಕು ಎಂಬುದರ ಮೇಲೆಯೇ ಸೊಪ್ಪಿನ ಬಣ್ಣ, ಅದರೊಡನೆ ವರ್ಷದ ಬೆಲೆ, ನಿಂತಿರುತ್ತದೆ.

ಕಾಣದ ಸೋರಿಕೆಯನ್ನು ಹುಡುಕಲು ಊದಿನಕಡ್ಡಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಡ್ರಮ್ ಕಾದು ಶಾಖ ಒಂದು ಮಟ್ಟಕ್ಕೆ ಬಂದ ಮೇಲೆ, ಗಾಳಿ ಬೀಸದ ಹೊತ್ತಿನಲ್ಲಿ, ಹೊತ್ತಿಸಿದ ಕಡ್ಡಿಯನ್ನು ಕೆಳಬಾಗಿಲಿನ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಬೇಕು. ಅಂಚು ಗಟ್ಟಿಯಾಗಿರುವಲ್ಲಿ ಹೊಗೆಯ ಎಳೆ ನೆಟ್ಟಗೆ ಮೇಲೇರುತ್ತದೆ. ಸಂದಿರುವ ಜಾಗ ಬಂದೊಡನೆ ಅಡ್ಡಕ್ಕೆ ತಿರುಗಿ, ದಾರದಷ್ಟು ಸಣ್ಣಗಾಗಿ, ಒಳಕ್ಕೆ ನುಗ್ಗುತ್ತದೆ. ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿ ಮುಂದೆ ಹೋಗಬಹುದು. ನನ್ನ ಡ್ರಮ್ಮಿನಲ್ಲಿ ಗುರುತುಗಳೆಲ್ಲ ಚಿಲಕದ ಎದುರು ಮೂಲೆಯಲ್ಲಿ ಗುಂಪುಗೂಡಿದವು, ಅಲ್ಲಿಗೆ ಇನ್ನೊಂದು ಚಿಲಕ ಹಾಕಿದ ಮೇಲೆ ಅರ್ಧ ಕೆಲಸ ಮುಗಿಯಿತು. ಬಾಗಿಲನ್ನು ಎರಡು ಕಡೆ ಎಳೆದು ಬಿಗಿಯುವ ಚಿಲಕಗಳಿಗೆ ಗ್ಯಾಸ್ಕೆಟ್ಟಿಗಿಂತ ಮೊದಲು ಹಣ ಖರ್ಚು ಮಾಡುವುದು ಲೇಸು.

ಸಂದು ಮುಚ್ಚುವ ವಸ್ತುಗಳನ್ನು ಶಾಖಕ್ಕೆ ತಕ್ಕಂತೆ ಆರಿಸಬೇಕು. ಒಂದು ಬದಿಗೆ ಅಂಟು ಬಳಿದು ಸುರುಳಿಯಾಗಿ ಮಾರುವ ನೋಮೆಕ್ಸ್ ಫೆಲ್ಟ್ (ಶಾಖ ತಾಳುವ ನಾರಿನ ದಪ್ಪ ಪಟ್ಟಿ) ಸುಮಾರು 200 ಡಿಗ್ರಿಯವರೆಗೆ ತಾಳುವುದರಿಂದ ಮೇಲಿನ ಬಾಗಿಲಿಗೆ ಧಾರಾಳವಾಗಿ ಸಾಕು. ಇದ್ದಿಲಿನ ಬುಟ್ಟಿಯ ಪಕ್ಕದಲ್ಲಿ ಅದು ಸುಟ್ಟುಹೋಗುತ್ತದೆ, ಅಲ್ಲಿಗೆ ಸೌದೆ ಒಲೆಗಳ ಬಾಗಿಲಿಗೆ ಹಾಕುವ ಗಾಜಿನ ನಾರಿನ ಹಗ್ಗವೇ ಬೇಕು. ಈ ಹಗ್ಗದ ನಾರು ಉದುರಬಹುದು, ಆದ್ದರಿಂದ ಅದನ್ನು ಮಾಂಸದ ಮಟ್ಟಕ್ಕಿಂತ ಕೆಳಗಷ್ಟೇ ಬಳಸಿದ್ದೇನೆ. ಹಳೆಯ ಒಲೆಗಳಿಂದ ಬಿಚ್ಚಿದ ಹಗ್ಗ ಆಸ್ಬೆಸ್ಟಸ್ ಆಗಿರುವ ಸಾಧ್ಯತೆಯಿದೆ, ಅದನ್ನು ಮುಟ್ಟಲೇಬಾರದು.

ಸಿಲಿಕೋನ್ ಬಳಸುವವರು ಆಹಾರಕ್ಕೆ ಯೋಗ್ಯವೆಂದು ಬರೆದಿರುವ, ಹೆಚ್ಚು ಶಾಖ ತಾಳುವ ಬಗೆಯನ್ನೇ ಕೊಳ್ಳಬೇಕು. ಚೌಕಟ್ಟಿನ ಮೇಲೆ ಅದನ್ನು ಆರು ಮಿಲಿಮೀಟರ್ ದಪ್ಪಕ್ಕೆ ಎಲ್ಲೂ ಕಡಿಯದಂತೆ ಎಳೆದು, ಮೇಲೆ ಎಣ್ಣೆ ಸವರಿದ ಬೆಣ್ಣೆ ಕಾಗದ ಹಾಸಿ, ಬಾಗಿಲನ್ನು ಬಿಗಿಯದೆ ಮೆಲ್ಲಗೆ ತಾಗಿಸಿ ಒಂದು ದಿನ ಬಿಡಬೇಕು. ಒಣಗುವಾಗ ವಿನಿಗರ್ ವಾಸನೆ ಬರುತ್ತದೆ. ಕಾಗದ ಕಿತ್ತರೆ ಬಾಗಿಲಿನ ಉಬ್ಬುತಗ್ಗುಗಳೆಲ್ಲ ಅಚ್ಚಾಗಿ ಮೂಡಿದ ಗ್ಯಾಸ್ಕೆಟ್ ಸಿಗುತ್ತದೆ. ಅದಾದ ಮೇಲೆ ಒಳಗೆಲ್ಲ ಎಣ್ಣೆ ಬಳಿದು, ಮಾಂಸವಿಲ್ಲದೆ ಕೆಲವು ಗಂಟೆ ಕಾಯಿಸಬೇಕು. ಮುಂದೆ ಅಡುಗೆ ಮಾಡಿದಂತೆಲ್ಲ ಕೊಬ್ಬು ಮತ್ತು ಹೊಗೆಯ ಜಿಡ್ಡು ಸೇರಿ ಮೇಲಿನ ಸಣ್ಣ ಸಂದುಗಳನ್ನು ತಾವೇ ತುಂಬಿಕೊಳ್ಳುತ್ತವೆ, ಅವುಗಳ ವಿಷಯದಲ್ಲಿ ಆತುರ ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಯ ಪರೀಕ್ಷೆ ಅಡುಗೆ ಮುಗಿದ ಮೇಲೆ. ಮಾಂಸ ತೆಗೆದು, ಎಲ್ಲ ವಾಲ್ವ್‌ಗಳನ್ನೂ ಚಿಮಣಿಯನ್ನೂ ಮುಚ್ಚಿದರೆ ಗಾಳಿಯಿಲ್ಲದೆ ಇದ್ದಿಲು ಆರಬೇಕು, ಬೆಳಿಗ್ಗೆ ಬುಟ್ಟಿಯಲ್ಲಿ ಮತ್ತೊಮ್ಮೆ ಬಳಸಬಹುದಾದ ಕಪ್ಪು ತುಂಡುಗಳು ಉಳಿದಿರಬೇಕು. ಬರೀ ಬೂದಿ ಸಿಕ್ಕಿದರೆ ಊದಿನಕಡ್ಡಿಯನ್ನು ಮತ್ತೆ ಹೊತ್ತಿಸಿ ಕೆಳಬಾಗಿಲಿನಿಂದ ಆರಂಭಿಸಬೇಕು. ಮಳೆ ಬರುತ್ತಿದೆಯೆಂದು ಆರುತ್ತಿರುವ ಡ್ರಮ್ಮನ್ನು ಗ್ಯಾರೇಜಿನೊಳಗೆ ತಳ್ಳಬಾರದು. ಅರೆಬೆಂದ ಇದ್ದಿಲು ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.