ಕೊನೆಯ ಕಂಬದ ಮನೆಯಲ್ಲಿ ಹೈಫೈ

ನಮ್ಮ ಮನೆಗೆ ಕರೆಂಟ್ ಬರುವುದು ಲೈನಿನ ಕೊನೆಯ ಕಂಬದಿಂದ. ಕೊಡಗಿನ ನಾಪೋಕ್ಲು ಕಡೆಯಿಂದ ಹೊರಟ ತಂತಿ ಗದ್ದೆ ದಾಟಿ, ತೋಟಗಳ ಸಿಲ್ವರ್ ಓಕ್ ಮರಗಳ ನಡುವೆ ನುಸುಳಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಅದರಲ್ಲಿ ಪೂರ್ತಿ 230 ವೋಲ್ಟ್ ಉಳಿದಿರುವುದು ಮಳೆಗಾಲದ ರಾತ್ರಿಗಳಲ್ಲಿ ಮಾತ್ರ. ಕಾಫಿ ಹೂ ಅರಳಿಸುವ ಹೂಮಳೆ ಬಾರದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕುತ್ತಾರಲ್ಲ, ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೆ ಓಡುವಾಗ ನನ್ನ ಮೀಟರ್ 180 ತೋರಿಸಿದ್ದೂ ಉಂಟು. ತೋಟಗಳ ವೈರಿಂಗ್, ಪಂಪ್‌ಸೆಟ್ ದುರಸ್ತಿ ಇಪ್ಪತ್ತಾರು ವರ್ಷಗಳಿಂದ ನನ್ನ ಕಸುಬು. ಹಾಗಾಗಿ ಹಾಡು ಕೇಳಲು ಕುಳಿತರೂ ನನ್ನ ಕಿವಿ ಮೊದಲು ಹೋಗುವುದು ಗೋಡೆಯ ಪ್ಲಗ್ಗಿನ ಕಡೆಗೆ.

ನನ್ನಲ್ಲಿರುವುದು ಇಂಗ್ಲೆಂಡಿನ ಸಾಲ್ಸ್‌ಬರಿಯ ನೇಮ್ ಕಂಪನಿಯ ಹಳೆಯ ಜೋಡಿ: ಸದ್ದು ಏರಿಸಿ ಇಳಿಸುವ ನ್ಯಾಕ್ 72 ಪ್ರೀ ಆಂಪ್ಲಿಫೈಯರ್, ಸ್ಪೀಕರಿಗೆ ಬಲ ಕೊಡುವ ನ್ಯಾಪ್ 140 ಪವರ್ ಆಂಪ್ಲಿಫೈಯರ್. ಮಡಿಕೇರಿಯ ನಿವೃತ್ತ ಸೇನಾಧಿಕಾರಿಯೊಬ್ಬರ ಮನೆಯ ವೈರಿಂಗ್ ಬದಲಿಸಿದಾಗ ಅವರಿಂದಲೇ ಕೊಂಡದ್ದು. ಕೊಡುವ ದಿನ ಅವರು ಒಂದೇ ಮಾತನ್ನು ಎರಡು ಸಲ ಹೇಳಿದರು: "ಹಚ್ಚುವಾಗ ಪವರ್ ಆಂಪ್ ಕೊನೆಗೆ, ಆರಿಸುವಾಗ ಅದೇ ಮೊದಲು. ಮರೆಯಬೇಡಪ್ಪ." ಪವರ್ ಆಂಪಿಗೆ ಹಾಡು ಕಳಿಸುವ ಪೆಟ್ಟಿಗೆಗಳು ಎದ್ದೇಳುವಾಗ ಹುಟ್ಟುವ ಧಡ್ ಎಂಬ ಏಟು ಸ್ಪೀಕರಿಗೆ ಬೀಳಬಾರದು ಎಂಬುದೇ ಅದರ ಅರ್ಥ.

ಈ ಜೋಡಿಯ ವಿಶೇಷವೆಂದರೆ ಪ್ರೀ ಆಂಪಿಗೆ ಸ್ವಂತ ಮೇನ್ಸ್ ವೈರೇ ಇಲ್ಲ. ಅದಕ್ಕೆ ಬೇಕಾದ 24 ವೋಲ್ಟನ್ನು ಪವರ್ ಆಂಪ್ ಕೊಡುತ್ತದೆ. ನಾಲ್ಕು ಪಿನ್ನಿನ ಒಂದೇ ಡಿನ್ (ದುಂಡು ಪ್ಲಗ್ಗಿನ) ಕೇಬಲಿನಲ್ಲಿ ಹಾಡು ಆ ಕಡೆ ಹೋಗುತ್ತದೆ, ಕರೆಂಟ್ ಈ ಕಡೆ ಬರುತ್ತದೆ. ಎರಡೂ ಒಂದೇ ಪ್ಲಗ್ಗಿನಲ್ಲಿ ಇರುವುದರಿಂದ ಉರಿಯುತ್ತಿರುವಾಗ ಅದನ್ನು ಕೀಳಲೇಬಾರದು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ವೋಲ್ಟೇಜ್ ನಿಂತಿರುತ್ತದೆ. ನಾನು ಐದು ನಿಮಿಷ ಕಾಯುತ್ತೇನೆ.

ಒಂದು ಮನೆಯ ಅನ್ನದಲ್ಲಿ ಇಬ್ಬರು ಉಣ್ಣುವ ಈ ವ್ಯವಸ್ಥೆ ಚೆನ್ನಾಗಿಯೇ ಹಾಡುತ್ತದೆ. ಆದರೆ ಪವರ್ ಆಂಪಿನ ಹಸಿವು ದೊಡ್ಡದು. ಮೃದಂಗದ ಎಡಗೈ ಏಟು ಬಿದ್ದಾಗ ಅದು ಟ್ರಾನ್ಸ್‌ಫಾರ್ಮರಿನಿಂದ ಗಬಕ್ಕನೆ ಕರೆಂಟ್ ಎಳೆದುಕೊಳ್ಳುತ್ತದೆ. ಅದೇ ಟ್ರಾನ್ಸ್‌ಫಾರ್ಮರನ್ನು ನಂಬಿದ ಪ್ರೀ ಆಂಪಿಗೆ ಆ ಅಲುಗಾಟ ತಾಗದೆ ಇರುವುದಿಲ್ಲ. ಇದಕ್ಕೆ ಅದೇ ಕಂಪನಿಯ ಉತ್ತರ ಹೈಕ್ಯಾಪ್ ಎಂಬ ಬೇರೆ ಪವರ್ ಸಪ್ಲೈ ಪೆಟ್ಟಿಗೆ. ಪ್ರೀ ಆಂಪಿನಿಂದ ಐದು ಪಿನ್ನಿನ ಕೇಬಲ್ ಹೈಕ್ಯಾಪಿಗೆ, ಹೈಕ್ಯಾಪಿನಿಂದ ನಾಲ್ಕು ಪಿನ್ನಿನದು ಪವರ್ ಆಂಪಿಗೆ. ಐದನೆಯ ಪಿನ್ ಸುಮ್ಮನೆ ಬಂದದ್ದಲ್ಲ. ಹೈಕ್ಯಾಪ್ 24 ವೋಲ್ಟಿನ ಎರಡು ಬೇರೆ ಬೇರೆ ಸಪ್ಲೈ ಕೊಡುತ್ತದೆ.

ಎರಡು ವರ್ಷ ಹಣ ಕೂಡಿಟ್ಟು, ಬಳಸಿದ ಹೈಕ್ಯಾಪ್ ಒಂದನ್ನು ಹೋದ ಮಾರ್ಚ್‌ನಲ್ಲಿ ತಂದೆ. ಜೋಡಿಸಿ ಹಚ್ಚಿದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು. ನನಗೆ ಆದ ಬೇಸರ ಅಷ್ಟಿಷ್ಟಲ್ಲ. ಮನ್ಸೂರರ ಹಳೆಯ ಧ್ವನಿಮುದ್ರಣ ಹಾಕಿದರೆ ತಂಬೂರಿಯ ಮಂದ್ರ ತಂತಿ ಎಲ್ಲಿ ಮುಗಿಯಿತು, ಈ ಗುಂಯ್ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. 50 ಹರ್ಟ್ಸ್ ಕರೆಂಟಿನ ಮೊರೆತ ಕೂರುವುದು ತಂಬೂರಿಯ ಆಸುಪಾಸಿನಲ್ಲೇ. ಗಾಯಕ ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಕೇಳಬೇಕಾದ ಆ ತಂತಿಯ ಮೀಟು ಪೂರ್ತಿ ಮುಚ್ಚಿಹೋಗಿತ್ತು.

ಅರ್ಧ ತಪ್ಪು ಜಾಗದ್ದು. ಹೈಕ್ಯಾಪನ್ನು ಪ್ರೀ ಆಂಪಿನ ತಲೆಯ ಮೇಲೆ ಇಟ್ಟಿದ್ದೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ಲಿಗೆ ತಗಲದೆ ಬಿಡುತ್ತದೆಯೇ? ಪ್ಲೇಯರ್ ನಿಲ್ಲಿಸಿ, ವಾಲ್ಯೂಮ್ ಏರಿಸಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಿದೆ. ಒಂದು ಗೇಣು, ಎರಡು ಗೇಣು, ಸದ್ದು ಕರಗುತ್ತಾ ಬಂತು. ಈಗ ಹಲಸಿನ ಹಲಗೆಯ ಒಂದು ಕಪಾಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಎರಡು ಭಾರದ ಪೆಟ್ಟಿಗೆಗಳು, ಇನ್ನೊಂದರಲ್ಲಿ ಪ್ರೀ ಆಂಪ್ ಮತ್ತು ಪ್ಲೇಯರ್. ನಡುವೆ ಕೇಬಲ್ ಮುಟ್ಟುವಷ್ಟು ದೂರ.

ಉಳಿದರ್ಧ ನೆಲದಲ್ಲಿತ್ತು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಇಟ್ಟರೆ 9 ವೋಲ್ಟ್! ಜುಲೈಯಲ್ಲಿ ನಮ್ಮ ಮಣ್ಣು ನೀರು ಕುಡಿದು ನಿಂತಿರುವಾಗ ಯಾವ ಅರ್ತ್ ಗುಂಡಿಯೂ ಒಳ್ಳೆಯದೇ. ಮಾರ್ಚ್‌ನ ಒಣ ಕೆಂಪು ಮಣ್ಣಿನಲ್ಲಿ ಅದರ ನಿಜಬಣ್ಣ ತಿಳಿಯುತ್ತದೆ. ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ ಹೊಸ ಗುಂಡಿ ಮಾಡಿದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುತ್ತೇನೆ. 9 ಇದ್ದದ್ದು 2ಕ್ಕೆ ಇಳಿಯಿತು. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಬೋರ್ಡಿಗೆ ಚುಚ್ಚಿದೆ, ಅವುಗಳ ಅರ್ತ್ ಒಂದೇ ಕಡೆ ಸೇರಲಿ ಎಂದು. ಗುಂಯ್ ನಿಂತಿತು. ಸದ್ದು ಹೋಗುತ್ತದೆಂದು ಪ್ಲಗ್ಗಿನ ಅರ್ತ್ ಪಿನ್ನನ್ನೇ ಬಿಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೊಂದು ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದ ದಿನ, ಹಾಡು ಹಾಕಲು ಕೈಚಾಚಿದವರ ಜೀವ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಪವರ್ ಕಾರ್ಡ್ ಕೊಳ್ಳುವ ಮೊದಲು ಒಂದು ಮೂಟೆ ಇದ್ದಿಲು ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಆ ರಾತ್ರಿ ಅದೇ ಮನ್ಸೂರರನ್ನು ಮತ್ತೆ ಹಾಕಿದೆ. ಹೈಕ್ಯಾಪ್ ಏನು ಮಾಡುತ್ತದೆಂದು ತಿಳಿದದ್ದು ಆಗಲೇ. ಸದ್ದು ದೊಡ್ಡದಾಗಲಿಲ್ಲ. ತಬಲಾದ ಬಾಯಾ ಏಟು ಬಿದ್ದಾಗಲೂ ತಂಬೂರಿ ಅಲ್ಲಾಡದೆ ತನ್ನ ಜಾಗದಲ್ಲೇ ನಿಂತಿತ್ತು. ಅಡುಗೆಮನೆಯಲ್ಲಿದ್ದ ಮಗಳು ಬಂದು "ಅಪ್ಪಾ, ಹಿಂದೆ ತಂಬೂರಿ ಎರಡಿವೆಯಾ?" ಎಂದು ಕೇಳಿದಳು. ಎರಡೇ ಇದ್ದವು.

ಇನ್ನು ನೆಟ್‌ವರ್ಕ್ ಮೂಲಕ ಹಾಡು ತರುವ ನೆಟ್‌ವರ್ಕ್ ಪ್ಲೇಯರಿನ 12 ವೋಲ್ಟ್ ಅಡಾಪ್ಟರ್. ಅದಕ್ಕೂ ಶುದ್ಧ ಕರೆಂಟ್ ಸಿಗಲಿ ಎಂದು ಅದನ್ನು ತೆಗೆದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ನಾನೇ ಒಂದು ಲೀನಿಯರ್ ಸಪ್ಲೈ ಕಟ್ಟಿದೆ: 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ದೊಡ್ಡ ಕೆಪಾಸಿಟರ್, ವೋಲ್ಟೇಜನ್ನು 12ಕ್ಕೆ ನಿಲ್ಲಿಸುವ 7812 ರೆಗ್ಯುಲೇಟರ್. ಮಳೆಗಾಲದಲ್ಲಿ ಚೆನ್ನಾಗಿಯೇ ಇತ್ತು. ಸ್ಪ್ರಿಂಕ್ಲರ್ ಕಾಲ ಬಂದೊಡನೆ ಪ್ಲೇಯರ್ ತಾನಾಗಿಯೇ ಆರಿ ಹೊತ್ತಿಕೊಳ್ಳತೊಡಗಿತು. ಲೆಕ್ಕ ಹಾಕಿದರೆ ತಪ್ಪು ನನ್ನದೇ. ಕೆಪಾಸಿಟರ್ ಅಲೆಯ ತುದಿಯವರೆಗೆ, ಅಂದರೆ 12ರ 1.41 ಪಟ್ಟು, ತುಂಬುವುದರಿಂದ 230ರಲ್ಲಿ ಡಯೋಡ್ ಕಳೆದು ಸುಮಾರು 15.5 ವೋಲ್ಟ್ ಸಿಗುತ್ತದೆ. ಮೇನ್ಸ್ 180ಕ್ಕೆ ಬಿದ್ದರೆ 12ಕ್ಕಿಂತ ಕಡಿಮೆ. ರೆಗ್ಯುಲೇಟರಿಗೆ ಮೇಲೆ ಎರಡು ವೋಲ್ಟ್ ಆದರೂ ಹೆಚ್ಚಿಗೆ ಬೇಕು. 15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದೆ: 180ರಲ್ಲೂ 15 ದಾಟುತ್ತದೆ. 230 ಇದ್ದಾಗ ಹೆಚ್ಚಾದ ವೋಲ್ಟೇಜ್ ಬಿಸಿಯಾಗಿ ಹೋಗಬೇಕು. ಅದಕ್ಕೆ ಅಂಗೈಯಗಲದ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿದ್ದೇನೆ. ನಮ್ಮಂಥ ಕಡೆ ಲೀನಿಯರ್ ಸಪ್ಲೈ ಕಟ್ಟುವವರು ಅಥವಾ ಕೊಳ್ಳುವವರು ತಮ್ಮ ಮನೆಯ ಅತಿ ಕಡಿಮೆ ವೋಲ್ಟೇಜನ್ನು ಮೊದಲು ಅಳೆಯಬೇಕು.

ಫ್ರಿಜ್ಜಿಗೆ ಇಡುವ ರಿಲೇ ಸ್ಟೆಬಿಲೈಜರ್ ಇದಕ್ಕೆ ಆಗಲಿಲ್ಲ. ಅದು ಟಕ್ ಎಂದಾಗಲೆಲ್ಲ ಸ್ಪೀಕರೂ ಟಕ್ ಎನ್ನುತ್ತಿತ್ತು. ಮೋಟರಿನಿಂದ ಮೆಲ್ಲಗೆ ಸರಿಹೊಂದಿಸುವ ಸರ್ವೋ ಮಾದರಿಯದನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇನೆ. ಇನ್ವರ್ಟರಿಗೆ ಮಾತ್ರ ಈ ಪೆಟ್ಟಿಗೆಗಳನ್ನು ಜೋಡಿಸಿಲ್ಲ. ನಮ್ಮದು ಹಳೆಯ ಚೌಕ ಅಲೆಯ ಇನ್ವರ್ಟರ್, ಟ್ರಾನ್ಸ್‌ಫಾರ್ಮರುಗಳು ದುಂಬಿಯಂತೆ ಮೊರೆಯುತ್ತವೆ.

ಯಂತ್ರವನ್ನು ಸದಾ ಉರಿಯಲು ಬಿಡಿ ಎಂದು ಕಂಪನಿ ಹೇಳುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಲ್ಲಿ ನನ್ನಿಂದ ಅದು ಸಾಧ್ಯವಿಲ್ಲ. ಕಕ್ಕಬೆಯ ಬೆಟ್ಟದ ಕಡೆ ಒಂದು ಗುಡುಗು ಕೇಳಿದರೆ ಸಾಕು, ಪವರ್ ಆಂಪ್ ಮೊದಲು ಆರಿಸಿ, ಬೋರ್ಡನ್ನೇ ಗೋಡೆಯಿಂದ ಕಿತ್ತು, ನೆಟ್‌ವರ್ಕ್ ವೈರನ್ನೂ ತೆಗೆಯುತ್ತೇನೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸಿಡಿಲಿನ ಕಾಟ ಕಡಿಮೆ, ಬೂಷ್ಟಿನ ಕಾಟ ಹೆಚ್ಚು. ಆಗ ಪ್ರೀ ಆಂಪನ್ನೂ ಹೈಕ್ಯಾಪನ್ನೂ ಹಗಲೂ ರಾತ್ರಿ ಉರಿಸುತ್ತೇನೆ. ಗೋಡೆಯೆಲ್ಲ ಬೆವರುವ ಆ ಮೂರು ತಿಂಗಳು ನಮ್ಮ ಮನೆಯಲ್ಲಿ ಬೆಚ್ಚಗೆ ಒಣಗಿರುವುದು ಒಲೆಯ ಮೇಲಿನ ಅಟ್ಟ ಮತ್ತು ಆ ಹಲಸಿನ ಕಪಾಟು ಮಾತ್ರ.