ಅಚ್ಚಾಗದೆ ಉಳಿದ ಫೋಟೊ

ನಾನು ಪತ್ರಿಕೆಯೊಂದರ ಫೋಟೊ ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ರಾತ್ರಿ, ಮುಖಪುಟ ಬಿಡಲು ಇಪ್ಪತ್ತೇ ನಿಮಿಷ ಇತ್ತು. ನೆರೆ ನೋಡಲು ಹೋಗಿದ್ದ ನಾಯಕರೊಬ್ಬರ ಕಚೇರಿಯಿಂದ ಫೋಟೊ ಬಂತು. ಮೊಣಕಾಲುದ್ದ ನೀರಲ್ಲಿ ನಿಂತು ಅಜ್ಜಿಯೊಬ್ಬರ ಕೈ ಹಿಡಿದಿದ್ದರು. ಚೆನ್ನಾಗಿತ್ತು, ಹಾಕಿಬಿಟ್ಟೆ.

ಪುಟ ಹೋದ ಮೇಲೆ ನಮ್ಮ ಫೋಟೊಗ್ರಾಫರ್ ಕಳಿಸಿದ ಚಿತ್ರಗಳು ಬಂದವು. ಅದೇ ಜಾಗ, ಸ್ವಲ್ಪ ಹಿಂದಿನಿಂದ ತೆಗೆದದ್ದು. ಹಗ್ಗದ ಆಚೆ ಜನ ಖಾಲಿ ಕೊಡ ಎತ್ತಿ ತೋರಿಸುತ್ತಾ ಕೂಗುತ್ತಿದ್ದರು. ನಾನು ಹಾಕಿದ ಫೋಟೊ ಸುಳ್ಳಲ್ಲ. ಆದರೆ ಓದುಗರು ಎಲ್ಲಿ ನಿಂತು ನೋಡಬೇಕು ಅನ್ನುವುದನ್ನು ಆ ಕಚೇರಿ ತೀರ್ಮಾನಿಸಿತ್ತು, ನಾನು ತಲೆಯಾಡಿಸಿದ್ದೆ.

ಆಮೇಲೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಗ್ಗೆ ಓದತೊಡಗಿದೆ. 1921ರಲ್ಲಿ, 39ನೇ ವಯಸ್ಸಿನಲ್ಲಿ ಅವರ ಕಾಲುಗಳು ಸ್ವಾಧೀನ ತಪ್ಪಿದವು. ಪೋಲಿಯೊ ಎಂದರು ವೈದ್ಯರು. ಅದಾದ ಮೇಲೆ ನಾಲ್ಕು ಸಲ ಅಧ್ಯಕ್ಷರಾಗಿ ಗೆದ್ದರು. ಪೋಲಿಯೊ ವಿಷಯ ಜನಕ್ಕೆ ಗೊತ್ತಿತ್ತು, ಮುಚ್ಚಿಟ್ಟಿರಲಿಲ್ಲ. ಗೊತ್ತಿಲ್ಲದ್ದು, ಅವರು ಎಷ್ಟರಮಟ್ಟಿಗೆ ಗಾಲಿಕುರ್ಚಿಯನ್ನೇ ನಂಬಿದ್ದರು ಅನ್ನುವುದು. ಕುರ್ಚಿಯಲ್ಲಿರುವಾಗ, ಕಾರಿನಿಂದ ಎತ್ತಿ ಇಳಿಸುವಾಗ ಫೋಟೊ ತೆಗೆಯಬೇಡಿ ಎಂದು ಅವರ ಪತ್ರಿಕಾ ಕಾರ್ಯದರ್ಶಿ ಸ್ಟೀವ್ ಅರ್ಲಿ ಕೇಳಿಕೊಂಡರು. ಫೋಟೊಗ್ರಾಫರ್‌ಗಳು ಹೆಚ್ಚುಕಡಿಮೆ ಒಪ್ಪಿದರು. ತೆಗೆಯಲು ಹೋದವರನ್ನು ಭದ್ರತಾ ಸಿಬ್ಬಂದಿ ತಡೆದರು. ಪತ್ರಿಕೆಗಳಲ್ಲಿ ಕಂಡದ್ದು ಮಗನ ತೋಳು ಹಿಡಿದು ನಗುತ್ತಾ ನಿಂತ ರೂಸ್‌ವೆಲ್ಟ್. ನಿಲ್ಲಲು ಆಸರೆಯಾಗಿ ಪ್ಯಾಂಟಿನೊಳಗೆ ಕಾಲಿಗೆ ಕಟ್ಟಿದ್ದ ಉಕ್ಕಿನ ಪಟ್ಟಿ ಕಾಣುತ್ತಿರಲಿಲ್ಲ.

ರೇಡಿಯೊಗೆ ಕಾಲು ಬೇಕಿಲ್ಲ ಅಲ್ವಾ? 1933ರ ಮಾರ್ಚ್ 12, ಭಾನುವಾರ ರಾತ್ರಿ. ಜನ ಹೆದರಿ ದುಡ್ಡು ವಾಪಸ್ ಪಡೆಯಲು ಮುಗಿಬಿದ್ದು, ದೇಶದ ಬ್ಯಾಂಕುಗಳನ್ನೇ ಮುಚ್ಚಿದ್ದ ಹೊತ್ತು. ರೂಸ್‌ವೆಲ್ಟ್ ಮೈಕ್ ಮುಂದೆ ಕೂತು, ನೀವು ಬ್ಯಾಂಕಿಗೆ ಕೊಟ್ಟ ದುಡ್ಡು ತಿಜೋರಿಯಲ್ಲಿ ಸುಮ್ನೆ ಕೂತಿರುವುದಿಲ್ಲ, ಸಾಲವಾಗಿ ದುಡಿಯುತ್ತಿರುತ್ತದೆ ಎಂದು ಬಿಡಿಸಿ ಹೇಳಿದರು. ಮತ್ತೆ ತೆರೆಯುವ ಬ್ಯಾಂಕಿನಲ್ಲಿ ದುಡ್ಡಿಡುವುದು ಹಾಸಿಗೆಯಡಿ ಇಡುವುದಕ್ಕಿಂತ ಕ್ಷೇಮ ಎಂದರು. ಮಾರನೇ ದಿನದಿಂದ ಬ್ಯಾಂಕುಗಳು ತೆರೆಯತೊಡಗಿದವು. ಜನ ಸಾಲುಗಟ್ಟಿ ದುಡ್ಡು ಮರಳಿ ಕಟ್ಟಿದರು. ಆಳುವವರ ದನಿ ಮನೆಯ ಹಿರಿಯರ ದನಿಯಂತೆ ನಡುಮನೆಗೆ ಬಂದಿತ್ತು. ಆ ಮಾತು ನನಗೆ ಈಗಲೂ ಇಷ್ಟ. ಅಧಿಕಾರದಲ್ಲಿದ್ದವರು ಜನಕ್ಕೆ ಅರ್ಥವಾಗುವ ಹಾಗೆ ಮಾತಾಡುವುದು ದೊಡ್ಡ ಕೆಲಸ.

ಆದರೆ ಅಚ್ಚಾಗದ ಫೋಟೊಗಳು ನನ್ನನ್ನು ಜಾಸ್ತಿ ಕಾಡುತ್ತವೆ. ಆ ಕಾಲದಲ್ಲಿ ಗಾಲಿಕುರ್ಚಿಯಲ್ಲಿ ಕೂತ ಮಗುವೊಂದು, ತನ್ನಂತೆಯೇ ಕೂತು ದೇಶ ಆಳುವವರನ್ನು ಪತ್ರಿಕೆಯಲ್ಲಿ ನೋಡಬಹುದಿತ್ತು. ನೋಡಲಿಲ್ಲ. 1945ರ ಮಾರ್ಚ್ 1ರಂದು ಸಂಸತ್ತಿನೆದುರು ಕೂತೇ ಭಾಷಣ ಮಾಡಿದ ರೂಸ್‌ವೆಲ್ಟ್, ಕಾಲಿಗೆ ಹತ್ತು ಪೌಂಡ್ ಉಕ್ಕು ಹೊತ್ತು ನಿಲ್ಲುವುದು ಕಷ್ಟ ಎಂದು ತಾವೇ ಹೇಳಿದರು. ಮರು ತಿಂಗಳೇ ತೀರಿಕೊಂಡರು. ವಾಷಿಂಗ್ಟನ್ನಿನ ಅವರ ಸ್ಮಾರಕ 1997ರಲ್ಲಿ ತೆರೆಯಿತು. ಗಾಲಿಕುರ್ಚಿ ಎದ್ದು ಕಾಣುವ ಪ್ರತಿಮೆ ಅಲ್ಲಿಗೆ ಬಂದದ್ದು 2001ರಲ್ಲಿ, ಅಂಗವಿಕಲರು ಹೋರಾಡಿದ ಮೇಲೆ.

ಈಗ ನಮ್ಮ ಡೆಸ್ಕ್‌ಗೆ ಯಾವ ಕಚೇರಿಯಿಂದ ಫೋಟೊ ಬಂದರೂ ಮೊದಲು ಸ್ಥಳದಲ್ಲಿರುವ ನಮ್ಮವರಿಗೆ ಫೋನ್ ಮಾಡುತ್ತೇನೆ. "ಚೌಕಟ್ಟಿನ ಆಚೆ ಏನಿದೆ?" ಎಂದು ಕೇಳುತ್ತೇನೆ. ಬೇರೆ ಫೋಟೊ ಸಿಗದಿದ್ದರೆ, ಇದು ಯಾರು ಕೊಟ್ಟ ಚಿತ್ರ ಎಂದು ಅಡಿಬರಹದಲ್ಲೇ ಬರೆಯುತ್ತೇವೆ. ಕಳೆದ ಮಳೆಗಾಲದಲ್ಲಿ ಮತ್ತೆ ಅಂಥದ್ದೇ ಸಂದರ್ಭ ಬಂತು. ನಮ್ಮವರು ತೆಗೆದ ಅಗಲವಾದ ಚಿತ್ರಕ್ಕೆ ಹತ್ತು ನಿಮಿಷ ಕಾದೆವು. ಅದರಲ್ಲಿ ನಾಯಕರು ಒಂದು ಮೂಲೆಯಲ್ಲಿದ್ದರು, ಊರು ಪೂರ್ತಿ ಕಾಣುತ್ತಿತ್ತು.