ಕೈ ಸ್ಕ್ವೇರ್ ಮೇಷ್ಟ್ರು

ಬೇಸಿಗೆ ರಜೆಯಲ್ಲಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು, ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ತೀರಿಕೊಂಡರು ಅಂತ. ಬಿ.ಎಸ್ಸಿ.ಯಲ್ಲಿ ಏನೇನು ಪಾಠ ಇತ್ತು ಅಂತ ಈಗ ಕೇಳಿದರೆ ಅರ್ಧವೂ ನೆನಪಿಲ್ಲ. ಮೇಷ್ಟ್ರು ಕೈ ಸ್ಕ್ವೇರ್ ಪರೀಕ್ಷೆಗೆ, ಅಂದರೆ ಎರಡು ವಿಷಯಕ್ಕೆ ಸಂಬಂಧ ಇದೆಯಾ ಅಂತ ನೋಡುವ ಲೆಕ್ಕಕ್ಕೆ, ಬೋರ್ಡಿನ ಮೇಲೆ ಎಳೆಯುತ್ತಿದ್ದ ಎರಡು ಸಾಲು ಎರಡು ಕಂಬದ ನಾಲ್ಕು ಮನೆಯ ಪಟ್ಟಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಅವರು ಮೊದಲು ಹಾಕಿದ್ದು ಲಂಡನ್ನಿನ ಪಟ್ಟಿ. ಹೊಗೆ ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧ ಇದೆಯಾ ಅಂತ ಹುಡುಕಿದ ಸಂಶೋಧಕರು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಪ್ರಕಟಿಸಿದ್ದು. ಶ್ವಾಸಕೋಶದ ಕ್ಯಾನ್ಸರ್ ಬಂದ 649 ಗಂಡಸರು, ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ್ದ 649 ಗಂಡಸರು. ಹೊಗೆ ಸೇದದವರು ಮೊದಲ ಗುಂಪಿನಲ್ಲಿ 2, ಎರಡನೆಯದರಲ್ಲಿ 27. ಉಳಿದವರೆಲ್ಲ ಸೇದುವವರೇ. "ಎರಡಕ್ಕೂ ಸಂಬಂಧವೇ ಇಲ್ಲ ಅಂದ್ಕೊಳ್ರೋ. ಆಗ ಈ ಮನೇಲಿ ಎಷ್ಟು ಜನ ಇರಬೇಕಿತ್ತು?" ಅಂತ ಕೇಳಿ ಸುಮ್ನೆ ನಿಂತುಬಿಟ್ಟರು. ಸೇದದವರು ಒಟ್ಟು 29. ಗುಂಪುಗಳು ಸಮ, ಹಾಗಾಗಿ ಒಂದೊಂದರಲ್ಲಿ 14.5. ಆ ಉತ್ತರ ಮೊದಲು ಕೊಟ್ಟವನು ನಾನೇ ಅನ್ನೋದು ಇವತ್ತಿಗೂ ಖುಷಿ! ಇರಬೇಕಾದ್ದಕ್ಕೂ ಇರುವುದಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಇರಬೇಕಾದ್ದರಿಂದ ಭಾಗಿಸಿ, ನಾಲ್ಕೂ ಮನೆಯದನ್ನು ಕೂಡಿದರೆ 22 ಬಂತು. ಇದೇ ಕೈ ಸ್ಕ್ವೇರ್. ಟೇಬಲ್ ತೆಗೆದರೆ ಶೇಕಡಾ 5ರ ಮಟ್ಟಕ್ಕೆ 3.84 ಸಾಕು, ಅಂದರೆ ಸಂಬಂಧ ಇಲ್ಲದಿದ್ದರೆ ಅದಕ್ಕಿಂತ ಹೆಚ್ಚು ಬರೋದು ನೂರಕ್ಕೆ ಐದು ಸಲ ಮಾತ್ರ. ತರಗತಿ ಗಪ್‌ಚುಪ್.

ಅಷ್ಟಕ್ಕೇ ಬಿಡಲಿಲ್ಲ. ಪೈಪ್ ಸೇದುತ್ತಿದ್ದ ಹೆಸರಾಂತ ಸ್ಟ್ಯಾಟಿಸ್ಟಿಕ್ಸ್ ಪಂಡಿತ ಫಿಷರ್ ಈ ಫಲಿತಾಂಶದ ಮೇಲೆ ಎಷ್ಟು ಜಗಳ ಆಡಿದರು ಅಂತಲೂ ಹೇಳಿದರು. ಸಂಬಂಧ ಇದೆ ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲೇಬೇಕಿಲ್ಲ, ಫಿಷರ್ ಹಿಡಿದದ್ದು ಆ ಎಳೆಯನ್ನು. ಮಾತು ಸರಿ, ಆದರೆ ಸಿಗರೇಟಿನ ವಿಷಯದಲ್ಲಿ ಅವರು ಸೋತರು. ಅದೇ ಫಿಷರ್ ಕೈಕೆಳಗೆ ಕೇಂಬ್ರಿಡ್ಜಿನಲ್ಲಿ ಪಿಎಚ್.ಡಿ. ಮಾಡಿದ, ಸ್ಟ್ಯಾಟಿಸ್ಟಿಕ್ಸಿನಲ್ಲಿ ದೊಡ್ಡ ಹೆಸರಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹಡಗಲಿಯಲ್ಲಿ ಅನ್ನುವಾಗ ಮೇಷ್ಟ್ರ ದನಿ ಸ್ವಲ್ಪ ಏರುತ್ತಿತ್ತು.

ಈಗ ಸರ್ವೇ ಕಥೆ. ಊರಿನ ನಾಲ್ಕು ಬಡಾವಣೆಗೆ ಹೋಗಿ, ಒಂದೊಂದರಲ್ಲಿ 50 ಜನರನ್ನು ಮಾತಾಡಿಸಿ, ಸಕ್ಕರೆ ಕಾಯಿಲೆ ಇದೆಯಾ ಅಂತ ಬರೆದುಕೊಂಡು ಬರಬೇಕಿತ್ತು. ನಮ್ಮ ಗುಂಪು ಮನೆಮನೆ ಅಲೆಯಿತು, ನಾಯಿ ಅಟ್ಟಿಸಿಕೊಂಡು ಬಂತು, ಅಜ್ಜಿಯರು ಕಾಫಿ ಕೊಟ್ಟರು. ಹಿಂದಿನ ಬೆಂಚಿನ ಗೆಳೆಯರು ಮ್ಯಾಟಿನಿಗೆ ಹೋಗಿ ಬಂದು ರಾತ್ರಿ ಹಾಸ್ಟೆಲ್ಲಿನಲ್ಲಿ ಪಟ್ಟಿ ತುಂಬಿದರು. ನಾಲ್ಕು ಬಡಾವಣೆಯಲ್ಲಿ ಕಾಯಿಲೆ ಇರುವವರು: 10, 10, 11, 10. ಮೇಷ್ಟ್ರು ಅಲ್ಲೇ ಲೆಕ್ಕ ಹಾಕಿದರು. ಕೈ ಸ್ಕ್ವೇರ್ 0.09. ಟೇಬಲಿನಲ್ಲಿ ಅತಿ ಸಣ್ಣ ಸಂಖ್ಯೆಗಳಿರುವ ಎಡತುದಿಗೆ ಬೆರಳು ಇಟ್ಟರು. ಬಡಾವಣೆಗೂ ಕಾಯಿಲೆಗೂ ಸಂಬಂಧ ಇಲ್ಲದಿದ್ದರೂ ಇಷ್ಟು ಕಡಿಮೆ ಬರೋದು ನೂರಕ್ಕೆ ಒಂದು ಸಲವೂ ಇಲ್ಲ. "ಜನ ಹೀಗೆ ಸಾಲಾಗಿ ನಿಲ್ಲಲ್ಲ ಕಣ್ರೋ. ಯಾವ ಸಿನಿಮಾ?" ಅಂತ ಕೇಳಿದರು. ಬೈಯಲಿಲ್ಲ. ಬಟಾಣಿ ಗಿಡ ಬೆಳೆಸಿ ವಂಶವಾಹಿ ನಿಯಮ ಕಂಡುಹಿಡಿದ ಮೆಂಡಲ್ಲನ ಲೆಕ್ಕ ನಿಯಮಕ್ಕೆ ಅತಿಯಾಗಿ ಹೊಂದುತ್ತದೆ ಅಂತ ಫಿಷರ್ 1936ರಲ್ಲಿ ತೋರಿಸಿದ್ದನ್ನು ಹೇಳಿ, ಮುಂದಿನ ಭಾನುವಾರ ತಾವೇ ಅವರನ್ನು ಕರೆದುಕೊಂಡು ಹೊರಟರು.

ನಾನು ಈಗ ಆಸ್ಪತ್ರೆಯ ಅಂಕಿಅಂಶ ನೋಡುವ ಕೆಲಸದಲ್ಲಿದ್ದೇನೆ. ಎಂ.ಡಿ. ಓದುವ ಮಕ್ಕಳು ಥೀಸಿಸ್ ಹಿಡಿದು ಬರುತ್ತಾರೆ, "ಸರ್, ಪಿ ವ್ಯಾಲ್ಯೂ ಹಾಕಿಕೊಡಿ." ಸಂಬಂಧ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುವ ಸಾಧ್ಯತೆ ಎಷ್ಟು ಅನ್ನೋದು ಪಿ ವ್ಯಾಲ್ಯೂ. ಜಾಣ ಮಕ್ಕಳೇ, ಆದರೆ ಯಾರೂ ಅವರಿಗೆ ಒಂದು ಪಟ್ಟಿಯನ್ನೂ ಕೈಯಲ್ಲಿ ಮಾಡಿಸಿಲ್ಲ. ಎಷ್ಟು ಜನ ಅನ್ನೋ ಎಣಿಕೆಯ ಬದಲು ಶೇಕಡಾವಾರು ಹಾಕಿರುತ್ತಾರೆ. ಅದೇ ರೋಗಿಯ ಚಿಕಿತ್ಸೆಗೆ ಮೊದಲಿನದನ್ನೂ ನಂತರದ್ದನ್ನೂ ಬೇರೆಬೇರೆ ಜನ ಅನ್ನೋ ಹಾಗೆ ಸೇರಿಸಿರುತ್ತಾರೆ. ಇರಬೇಕಾದ ಸಂಖ್ಯೆ 5ಕ್ಕಿಂತ ಕಡಿಮೆ ಇದೆ, ಸಣ್ಣ ಸಂಖ್ಯೆಗೆ ಸರಿಹೊಂದುವ ಫಿಷರನ ಎಕ್ಸಾಕ್ಟ್ ಟೆಸ್ಟ್ ಮಾಡಿ ಅಂದರೆ ಸಾಫ್ಟ್‌ವೇರ್ ಹಾಗೆ ಹೇಳಲಿಲ್ಲವಲ್ಲ ಸರ್ ಅಂತಾರೆ. ಹೇಳಿರುತ್ತದೆ, ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ. ಕಾಗದ ಕೊಟ್ಟು ನಾಲ್ಕು ಮನೆ ಎಳೆಸುತ್ತೇನೆ. ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ ಒಟ್ಟಿನಿಂದ ಭಾಗಿಸುವಷ್ಟರಲ್ಲಿ ಅವರ ಮುಖ ಅರಳುತ್ತದೆ. ವಿಭಾಗದಲ್ಲಿ ನನಗೆ ಹೆಸರು ಬಂದಿರುವುದು ಇದರಿಂದಲೇ.

ನಮ್ಮ ಕಾಲೇಜಿನಲ್ಲಿ ಆ ಸರ್ವೇ ನಿಂತು ಬಹಳ ವರ್ಷ ಆಯಿತಂತೆ. ಈಗಿನ ಮಕ್ಕಳಿಗೆ ಇಂಟರ್ನೆಟ್ಟಿನಿಂದ ಸಿದ್ಧ ಡೇಟಾ ಇಳಿಸಿ ಕೊಡುತ್ತಾರೆ. ವಿಭಾಗದವರಲ್ಲಿ ಒಂದು ಕೋರಿಕೆ: ಎರಡನೇ ವರ್ಷದವರನ್ನು ಮತ್ತೆ ಬಡಾವಣೆಗಳಿಗೆ ಕಳಿಸಿ. ಬಸ್ ಚಾರ್ಜು, ಊಟ, ಫಾರಂ ಮುದ್ರಣ ಎಲ್ಲ ನಮ್ಮ ಬ್ಯಾಚಿನವರು ನೋಡಿಕೊಳ್ಳುತ್ತೇವೆ. ಅವತ್ತು ಮ್ಯಾಟಿನಿಗೆ ಹೋದವರೇ ಮೊದಲು ಹಣ ಹಾಕಿದ್ದಾರೆ.